ಟೆಲಿಫೋನ್ ಫ್ಯಾಕ್ಟರಿಯ ಹನ್ನೊಂದು ಮಂದಿ

ಫೆಡರೇಷನ್ ಕಪ್ ಎಂಬ ಫುಟ್‌ಬಾಲ್ ಟೂರ್ನಿ ಈಗ ನಡೆಯುವುದಿಲ್ಲ. 1977ರಲ್ಲಿ ಶುರುವಾಗಿ 2017ರಲ್ಲಿ ನಿಂತುಹೋಯಿತು. ಅದರ ಕೊನೆಯ ಫೈನಲ್ ನಡೆದದ್ದು ಒಡಿಶಾದ ಕಟಕ್‌ನಲ್ಲಿ. ಬೆಂಗಳೂರು ಎಫ್‌ಸಿ ತಂಡ ಕೋಲ್ಕತ್ತದ ಮೋಹನ್ ಬಾಗಾನನ್ನು 2–0ಯಿಂದ ಸೋಲಿಸಿತು. ಎರಡೂ ಗೋಲುಗಳು ಹೆಚ್ಚುವರಿ ಸಮಯದಲ್ಲಿ ಬಂದವು, ಎರಡನ್ನೂ ಹೊಡೆದವರು ಕಣ್ಣೂರಿನ ಸಿ.ಕೆ. ವಿನೀತ್. ಆ ಪಂದ್ಯವನ್ನು ಟಿ.ವಿಯಲ್ಲಿ ನೋಡಿದವರು ಬಹಳ ಮಂದಿ ಇದ್ದಾರೆ. ಮೊದಲ ಫೈನಲ್ಲನ್ನು ನೆನಪಿಟ್ಟವರು ಕಡಿಮೆ. ಅದು ನಡೆದದ್ದು ಕೇರಳದ ಎರ್ನಾಕುಲಂನಲ್ಲಿ. ಅಲ್ಲಿಯೂ ಸೋತದ್ದು ಮೋಹನ್ ಬಾಗಾನ್, ಅಲ್ಲಿಯೂ ಗೆದ್ದದ್ದು ಬೆಂಗಳೂರಿನ ತಂಡ. ಅಂತರ ಒಂದೇ ಗೋಲು. ಗೆದ್ದ ಹುಡುಗರು ಮಾತ್ರ ಯಾವ ಕ್ಲಬ್ಬಿನೊಂದಿಗೂ ಕರಾರು ಮಾಡಿಕೊಂಡವರಲ್ಲ. ಅವರು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆಯ ನೌಕರರು.

ಸೋತ ಮೋಹನ್ ಬಾಗಾನ್ ಆಗ ಎಂಥ ತಂಡವಾಗಿತ್ತು ಎಂಬುದನ್ನು ಹೇಳದಿದ್ದರೆ ಈ ಗೆಲುವಿನ ತೂಕ ಗೊತ್ತಾಗುವುದಿಲ್ಲ. ಪಿ.ಕೆ. ಬ್ಯಾನರ್ಜಿ ಅದರ ಕೋಚ್. ಅದೇ ವರ್ಷ ಆ ತಂಡ ಐಎಫ್‌ಎ ಶೀಲ್ಡ್, ಡುರಾಂಡ್ ಕಪ್, ರೋವರ್ಸ್ ಕಪ್ ಮೂರನ್ನೂ ಬಾಚಿಕೊಂಡಿತು. ಸೆಪ್ಟೆಂಬರ್ 24ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಎದುರು 2–2 ಸಮ ಮಾಡಿಕೊಂಡಿತು. ಭಾರತದ ಫುಟ್‌ಬಾಲ್ ಬಗ್ಗೆ ಬರೆಯುವವರು ಆ ಪಂದ್ಯವನ್ನು ಇಂದಿಗೂ ಬಿಡದೆ ಬರೆಯುತ್ತಾರೆ. ಅಂಥ ತಂಡವನ್ನು ಅದೇ ವರ್ಷ ದೂರವಾಣಿನಗರದ ಕಾರ್ಖಾನೆಯ ಹುಡುಗರು ಮಣಿಸಿದ್ದರು ಎಂಬ ಸಂಗತಿಗೆ ಅದೇ ಬರಹಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಕನ್ನಡದಲ್ಲಂತೂ ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ನನಗೆ ಇದು ಸಣ್ಣ ಅನ್ಯಾಯವಾಗಿ ಕಾಣುವುದಿಲ್ಲ.

ಐಟಿಐ ಶುರುವಾದದ್ದು 1948ರಲ್ಲಿ. ಸ್ವತಂತ್ರ ಭಾರತದ ಸರ್ಕಾರ ಕಟ್ಟಿದ ಮೊದಲ ಉದ್ದಿಮೆಗಳಲ್ಲಿ ಅದೂ ಒಂದು. ಹಳೇ ಮದರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಹತ್ತಿರ, ಆಗ ಊರಾಚೆಯ ಬಯಲಾಗಿದ್ದ ಜಾಗದಲ್ಲಿ ಅದು ಎದ್ದು ನಿಂತಿತು. ಇಂಗ್ಲೆಂಡಿನ ಲಿವರ್‌ಪೂಲ್‌ನ ಕಂಪನಿಯೊಂದರಿಂದ ತಂತ್ರಜ್ಞಾನ ಪಡೆದು ಟೆಲಿಫೋನು, ಎಕ್ಸ್‌ಚೇಂಜ್‌ಗಳನ್ನು ಮಾಡತೊಡಗಿತು. ಅದು ಸ್ಟ್ರೌಜರ್ ಎಂಬ ಪದ್ಧತಿ. ನೀವು ಫೋನಿನ ಬಿಲ್ಲೆ ತಿರುಗಿಸಿದಾಗ ಹೊರಡುವ ಪ್ರತಿಯೊಂದು ಮಿಡಿತಕ್ಕೂ ಎಕ್ಸ್‌ಚೇಂಜಿನೊಳಗೆ ಒಂದು ಸೆಲೆಕ್ಟರ್ ಒಂದೊಂದು ಮೆಟ್ಟಿಲು ಏರುತ್ತದೆ, ಆಮೇಲೆ ಪಕ್ಕಕ್ಕೆ ತಿರುಗಿ ಸರಿಯಾದ ತಂತಿಯನ್ನು ಮುಟ್ಟುತ್ತದೆ. ಇಡೀ ಯಂತ್ರ ನೂರಾರು ರಿಲೇಗಳ, ಎಳೆಯಂಥ ಸ್ಪ್ರಿಂಗುಗಳ ಜೋಡಣೆ. ಅವುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕರೆ ತಪ್ಪಾದ ಮನೆಗೆ ಹೋಗುತ್ತದೆ. ಹಾಗಾಗಿ ಆ ಕಾರ್ಖಾನೆಗೆ ಬೇಕಿದ್ದದ್ದು ಬೆರಳಿನಲ್ಲಿ ನಾಜೂಕು ಇರುವ ಸಾವಿರಾರು ಮಂದಿ. ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ದೇಶದಲ್ಲಿ ಒಂದು ಟೆಲಿಫೋನಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ.

ಕಾರ್ಖಾನೆಯ ಸುತ್ತ ಒಂದು ಊರೇ ಬೆಳೆಯಿತು. ಅದೇ ದೂರವಾಣಿನಗರ. ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನ ಎಲ್ಲ ಬಂದವು. ತಮಿಳು, ಮಲಯಾಳ, ತೆಲುಗು, ಉರ್ದು, ಕೊಂಕಣಿ ಮಾತಾಡುವವರು ಕನ್ನಡದವರ ಜತೆ ಒಂದೇ ಕ್ಯಾಂಟೀನಿನಲ್ಲಿ ಕೂತು ಉಂಡರು. ಬೆಂಗಳೂರಿನ ಕಾರ್ಖಾನೆಗಳಲ್ಲಿ ನವೆಂಬರ್ ಬಂತೆಂದರೆ ರಾಜ್ಯೋತ್ಸವ, ನಾಟಕ, ಆರ್ಕೆಸ್ಟ್ರಾಗಳ ಸಡಗರ. ಸಂಜೆಯ ಹೊತ್ತು ಫುಟ್‌ಬಾಲ್, ವಾಲಿಬಾಲ್, ಕಬಡ್ಡಿ. ಕಾರ್ಮಿಕ ಸಂಘವೂ ಅಷ್ಟೇ ಗಟ್ಟಿಯಾಗಿತ್ತು. ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಮೈಕೆಲ್ ಫರ್ನಾಂಡಿಸ್ ಐಟಿಐ ಕಾರ್ಮಿಕರ ಹೋರಾಟದ ಮುಂದಾಳಾಗಿದ್ದವರು. ಆಟ, ನಾಟಕ, ಯೂನಿಯನ್ನು ಇವು ಮೂರೂ ಒಂದೇ ನೆಲದಲ್ಲಿ ಬೆಳೆದವು. ಅದನ್ನು ಮರೆತು ಬರೀ ಆಟದ ಕಥೆ ಹೇಳಲು ಹೋದರೆ ಅದು ಅರ್ಧ ಕಥೆಯಾಗುತ್ತದೆ.

ಆದರೆ ಬೆಂಗಳೂರಿಗೆ ಫುಟ್‌ಬಾಲನ್ನು ತಂದದ್ದು ಕಾರ್ಖಾನೆಗಳಲ್ಲ, ಪಟಾಲಮ್ಮು. ದಂಡಿನ ಪ್ರದೇಶದ ಬ್ಯಾರಕ್ಕುಗಳಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರದ ಹುಡುಗರು ಗೆರೆಯಾಚೆ ನಿಂತು ನೋಡುತ್ತಿದ್ದರು. ಆಮೇಲೆ ತಾವೂ ಬರಿಗಾಲಲ್ಲಿ ಇಳಿದರು. ಕೆಲವೇ ವರ್ಷಗಳಲ್ಲಿ ಬೂಟು ಹಾಕಿದವರನ್ನು ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ಪನ್ನು ಭಾರತೀಯರ ತಂಡವೊಂದು ಮೊದಲ ಬಾರಿ ಗೆದ್ದದ್ದು 1937ರಲ್ಲಿ. ಗೆದ್ದ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಬಂಗಾಳದ ಕೈಯಿಂದ ಕಸಿದುಕೊಂಡದ್ದು ಮೈಸೂರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬರಿಗಾಲಲ್ಲಿ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅವರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಜನ ಪಂಚಪಾಂಡವರು ಎಂದು ಕರೆದ ಐವರು ಮುನ್ನುಗ್ಗುವ ಆಟಗಾರರಲ್ಲಿ ಒಬ್ಬರಾದರು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಪಕ್ಕದಲ್ಲಿ. ಆ ಬೀದಿಯ ಮನೆಗಳಿಗೆ ಫುಟ್‌ಬಾಲ್ ಏನಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬ್ರಿಟಿಷರು ಹೋದರು, ಅವರ ದಂಡೂ ಹೋಯಿತು. ಆಟವನ್ನು ಸಾಕುವವರು ಯಾರು? ಆ ಜಾಗಕ್ಕೆ ಬಂದದ್ದು ಕಾರ್ಖಾನೆ. ಇದರಲ್ಲಿ ವಿಮಾನ ಕಾರ್ಖಾನೆ ಮೊದಲಿನದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ರಿಪೇರಿಯಾದವು. ಯುದ್ಧ ಮುಗಿದ ಮೇಲೂ ಕಾರ್ಖಾನೆ ಉಳಿಯಿತು. 1954ರಲ್ಲಿ ಅದರ ಫುಟ್‌ಬಾಲ್ ತಂಡ ಡುರಾಂಡ್ ಕಪ್ಪಿನ ಫೈನಲ್‌ವರೆಗೆ ಹೋಗಿ, ಆ ಕಾಲದಲ್ಲಿ ಯಾರಿಗೂ ಬಗ್ಗದ ಹೈದರಾಬಾದ್ ಸಿಟಿ ಪೊಲೀಸ್ ಎದುರು ಸೋತಿತು. 1964ರಲ್ಲಿ ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು, ತಂಡವೂ ಎಚ್‌ಎಎಲ್ ಆಯಿತು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಸಿಐಎಲ್, ಎಲ್‌ಆರ್‌ಡಿಇ, ಎಡಿಇ ಎಂದು ಬೆಂಗಳೂರು ಲೀಗಿನ ಪಟ್ಟಿ ಓದಿದರೆ ಅದು ಕೇಂದ್ರ ಸರ್ಕಾರದ ಕಾರ್ಖಾನೆ, ಪ್ರಯೋಗಾಲಯಗಳ ಹಾಜರಿ ಪುಸ್ತಕದಂತೆ ಇರುತ್ತಿತ್ತು.

ಇದು ನಮ್ಮಲ್ಲೇ ಹುಟ್ಟಿದ ಏರ್ಪಾಡೂ ಅಲ್ಲ. ಲಂಡನ್ನಿನ ಆರ್ಸೆನಲ್ 1886ರಲ್ಲಿ ಶುರುವಾದದ್ದು ವುಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರಿಂದ. ವೆಸ್ಟ್ ಹ್ಯಾಮ್ ಹಡಗು ಕಟ್ಟುವವರದು, ಮ್ಯಾಂಚೆಸ್ಟರ್ ಯುನೈಟೆಡ್ ರೈಲ್ವೆ ಬೋಗಿ ಕಾರ್ಖಾನೆಯವರದು. ಜರ್ಮನಿಯ ಲೆವರ್‌ಕುಸೆನ್ ತಂಡದ ಹೆಸರಿನಲ್ಲಿ ಇಂದಿಗೂ ಬೇಯರ್ ಔಷಧ ಕಂಪನಿ ಇದೆ. ಅಲ್ಲಿ ಕ್ಲಬ್ಬುಗಳು ಬೇಗನೆ ಕಾರ್ಖಾನೆಯ ಕಾಂಪೌಂಡು ದಾಟಿ ಊರಿನ ಸ್ವತ್ತಾದವು. ಟಿಕೆಟ್ಟಿನ ಹಣದಿಂದ ಬದುಕುವುದನ್ನು ಕಲಿತವು. ನಮ್ಮಲ್ಲಿ ಅದು ಆಗಲಿಲ್ಲ. ನಮ್ಮ ಕಾರ್ಖಾನೆ ತಂಡಗಳು ಕೊನೆಯವರೆಗೂ ಕಾರ್ಖಾನೆಯ ಒಂದು ವಿಭಾಗವಾಗಿಯೇ ಉಳಿದವು. ಐಟಿಐ ತಂಡದ ಬಲವೂ ಅದರಿಂದ ಬಂತು, ದೌರ್ಬಲ್ಯವೂ ಅದರಿಂದಲೇ ಬಂತು.

ಬಲದ ಮಾತು ಮೊದಲು ಹೇಳುತ್ತೇನೆ. ಆಗ ಭಾರತದ ಫುಟ್‌ಬಾಲ್ ನಿಯಮದ ಪ್ರಕಾರ ಹವ್ಯಾಸಿಗಳ ಆಟ. ಆಟಕ್ಕೆ ಸಂಬಳ ಇರಲಿಲ್ಲ. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಆಟಗಾರರಿಗೆ ಹಣ ಕೊಡುತ್ತಿದ್ದವು ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಹಣ ಕಾಲಲ್ಲಿ ಬಲ ಇರುವಷ್ಟು ದಿನ ಮಾತ್ರ. ಮೊಣಕಾಲು ಹೋದರೆ ಎಲ್ಲವೂ ಹೋಯಿತು. ಕಾರ್ಖಾನೆಯಲ್ಲಿ ಲೆಕ್ಕ ಬೇರೆ. ಹುಡುಗ ಚೆನ್ನಾಗಿ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ. ಸ್ವಲ್ಪ ಕಾಲ ಟೆಂಪರರಿ, ಆಮೇಲೆ ಪರ್ಮನೆಂಟು. ಪಿ.ಎಫ್, ಗ್ರ್ಯಾಚುಯಿಟಿ, ಆಸ್ಪತ್ರೆ, ಹಬ್ಬದ ಮುಂಗಡ, ಅದೃಷ್ಟವಿದ್ದರೆ ಕ್ವಾರ್ಟರ್ಸ್. ಅಭ್ಯಾಸಕ್ಕೆ ಬಿಡುವು, ಟೂರ್ನಿಗೆ ಹೋದರೆ ಡ್ಯೂಟಿ ಎಂದೇ ಲೆಕ್ಕ. ಇಪ್ಪತ್ತೆಂಟಕ್ಕೋ ಮೂವತ್ತೆರಡಕ್ಕೋ ಆಟ ಮುಗಿದರೂ ಐವತ್ತೆಂಟರವರೆಗೆ ಸಂಬಳ ಬರುತ್ತದೆ. ಹಲಸೂರಿನ, ಆಸ್ಟಿನ್ ಟೌನಿನ ಕೂಲಿಕಾರರ ಮನೆಯ ಹುಡುಗನಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವ ಟ್ರೋಫಿಯಲ್ಲೂ ಇರಲಿಲ್ಲ. ಆ ಕಾಲದ ಬೆಂಗಳೂರಿನಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದೇ ಹುಡುಗ ಯಾವ ಫ್ಯಾಕ್ಟರಿ, ಪರ್ಮನೆಂಟ್ ಆಗಿದೆಯಾ ಎಂದು.

ಆ ಭದ್ರತೆಯಿಂದ ಆಟಕ್ಕೆ ಏನು ಸಿಕ್ಕಿತು ಎಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ತಂಡ ಚದುರಲಿಲ್ಲ, ಅದೇ ಮೊದಲ ಲಾಭ. ಕಲ್ಕತ್ತೆಯಲ್ಲಿ ಪ್ರತಿವರ್ಷ ಆಟಗಾರರು ಈ ಕ್ಲಬ್ಬಿನಿಂದ ಆ ಕ್ಲಬ್ಬಿಗೆ ಹಾರುತ್ತಿದ್ದರು. ಅಲ್ಲಿನ ಪತ್ರಿಕೆಗಳಿಗೆ ಅದೇ ಒಂದು ಹಬ್ಬ. ಕಾರ್ಖಾನೆಯ ತಂಡದಲ್ಲಿ ಅದೇ ಬ್ಯಾಕು, ಅದೇ ಹಾಫು, ಅದೇ ಗೋಲಿ ವರ್ಷಾನುಗಟ್ಟಲೆ ಒಟ್ಟಿಗೆ ಆಡುತ್ತಿದ್ದರು, ಒಂದೇ ಗೇಟಿನಲ್ಲಿ ಹಾಜರಿ ಹಾಕುತ್ತಿದ್ದರು. ಯಾರು ಯಾವ ಕಡೆಗೆ ತಿರುಗುತ್ತಾನೆ, ಚೆಂಡು ಯಾರ ಎಡಗಾಲಿಗೆ ಹೋಗಬೇಕು ಎಂಬುದು ಹೇಳಿಕೊಡದೆ ಗೊತ್ತಾಗುತ್ತಿತ್ತು. ದೊಡ್ಡ ಹೆಸರಿನ ಆಟಗಾರರಿದ್ದ ತಂಡಗಳನ್ನು ಇಂಥ ತಂಡಗಳು ಸೋಲಿಸಿದ್ದು ಅದೃಷ್ಟದಿಂದಲ್ಲ. 1958ರಲ್ಲಿ ಈಸ್ಟರ್ನ್ ರೈಲ್ವೆ ತಂಡ ಕಲ್ಕತ್ತಾ ಲೀಗನ್ನು ಗೆದ್ದದ್ದೂ ಹೀಗೆಯೇ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಬಿಟ್ಟು ಬೇರೊಬ್ಬರು ಆ ಲೀಗನ್ನು ಮತ್ತೆ ಗೆಲ್ಲಲು 2019ರವರೆಗೆ ಕಾಯಬೇಕಾಯಿತು.

ಇದರ ಫಲ ರಾಜ್ಯ ತಂಡಕ್ಕೂ ಸಿಕ್ಕಿತು. 1967–68ರಲ್ಲಿ ಕಟಕ್‌ನಲ್ಲಿ, 1968–69ರಲ್ಲಿ ಬೆಂಗಳೂರಿನಲ್ಲಿ ಸತತ ಎರಡು ವರ್ಷ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಸ್ಥಳೀಯ ಲೀಗಿನಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾಗಿ ಆಡಿ ಪಳಗಿದ ಕಾರ್ಖಾನೆ, ಇಲಾಖೆಗಳ ಆಟಗಾರರೇ ಆ ಕಾಲದಲ್ಲಿ ರಾಜ್ಯ ತಂಡದ ಬೆನ್ನೆಲುಬು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 1977ರಲ್ಲಿ ದೇಶದ ಕ್ಲಬ್ಬುಗಳನ್ನೆಲ್ಲ ಒಂದು ಕಡೆ ಸೇರಿಸಿ ಯಾರು ದೊಡ್ಡವರು ಎಂದು ನೋಡಲು ಹೊಸ ಟೂರ್ನಿ ಮಾಡಿತು. ಅದಕ್ಕೆ ಆರಿಸಿಕೊಂಡ ಜಾಗ ಎರ್ನಾಕುಲಂ. ಕೇರಳ ಆಗ ಫುಟ್‌ಬಾಲಿನಲ್ಲಿ ಮೈಕೊಡವಿ ಎದ್ದ ಸಮಯ. 1973ರ ಡಿಸೆಂಬರಿನಲ್ಲಿ ಅದೇ ಎರ್ನಾಕುಲಂನಲ್ಲಿ ರೈಲ್ವೇಸನ್ನು 3–2ರಿಂದ ಸೋಲಿಸಿ ಕೇರಳ ಮೊದಲ ಸಂತೋಷ್ ಟ್ರೋಫಿ ಗೆದ್ದಿತ್ತು. ಮೂರೂ ಗೋಲು ಹೊಡೆದ ಕ್ಯಾಪ್ಟನ್ ಮಣಿ ಮನೆಮಾತಾಗಿದ್ದರು. ಅಲ್ಲಿಯೂ ಆಟವನ್ನು ಹೊತ್ತಿದ್ದದ್ದು ಕಾರ್ಖಾನೆಗಳೇ. ಕಳಮಶ್ಶೇರಿಯ ಪ್ರೀಮಿಯರ್ ಟೈರ್ಸ್, ಆಲುವಾದ ಗೊಬ್ಬರ ಕಾರ್ಖಾನೆ ಎಫ್‌ಎಸಿಟಿ, ತಿರುವನಂತಪುರದ ಟೈಟಾನಿಯಂ ಆ ಕಾಲದ ಹೆಸರುವಾಸಿ ತಂಡಗಳು. ಐಟಿಐ ಕೂಡ ಕೇರಳಕ್ಕೆ ಅಪರಿಚಿತವಲ್ಲ. ಹಿಂದಿನ ವರ್ಷವಷ್ಟೇ, 1976ರಲ್ಲಿ, ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ಅದರ ಒಂದು ಘಟಕ ಶುರುವಾಗಿತ್ತು. ಹೀಗೆ ಕಾರ್ಖಾನೆ ತಂಡಗಳನ್ನು ಕಂಡು ಬೆಳೆದ ಜನರ ನಡುವೆ, ಕಾರ್ಖಾನೆ ತಂಡವೊಂದು ಕಲ್ಕತ್ತೆಯ ದೈತ್ಯನನ್ನು 1–0ಯಿಂದ ಸೋಲಿಸಿ ದೇಶದ ಮೊದಲ ಫೆಡರೇಷನ್ ಕಪ್ಪನ್ನು ಎತ್ತಿತು. ಮರುವರ್ಷ ಕೊಯಮತ್ತೂರಿನಲ್ಲಿ ಈ ಕಪ್ಪನ್ನು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಹಂಚಿಕೊಂಡವು. ಮತ್ತೊಂದು ಬೆಂಗಳೂರಿನ ತಂಡ ಅದನ್ನು ಮುಟ್ಟಲು 2015ರ ಜನವರಿ ಬರಬೇಕಾಯಿತು.

ಕೇರಳದ ಮಾತು ಬಂದಾಗ ನಮ್ಮ ಗಡಿಯ ಪಕ್ಕದ ವಯನಾಡನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಂಡೀಪುರದ ಕಾಡು ದಾಟಿದರೆ ಸಿಗುವ ಆ ಜಿಲ್ಲೆಯಲ್ಲಿ ಕಾರ್ಖಾನೆ ಎಂದರೆ ಟೀ ಫ್ಯಾಕ್ಟರಿ. ಮೇಪ್ಪಾಡಿ, ಚೂರಲ್‌ಮಲದ ಸುತ್ತ ತೋಟದ ಕಾರ್ಮಿಕರು ತಲೆಮಾರುಗಳಿಂದ ಪಾಡಿ ಎಂಬ ಸಾಲುಮನೆಗಳಲ್ಲಿ ವಾಸವಾಗಿದ್ದವರು. ಎಲೆ ಕಿತ್ತು, ಬಾಡಿಸಿ, ಅರೆದು, ಒಣಗಿಸುವ ಕೆಲಸಕ್ಕೆ ಗಂಡಸು ಹೆಂಗಸರೆಲ್ಲ ದುಡಿಯುತ್ತಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಕಲಮು ಇತ್ತು. ಕಾರ್ಮಿಕರಿಗೆ ಮನರಂಜನೆಯ ಅನುಕೂಲ ಮಾಡಿಕೊಡಬೇಕೆಂದು ಮಾಲೀಕರನ್ನು ಕಟ್ಟಿಹಾಕುವ ನಿಯಮ ಮಾಡಲು ಅದು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಡುತ್ತಿತ್ತು. ಕ್ಯಾಂಟೀನು, ಶಿಶುವಿಹಾರಗಳ ಸಾಲಿನಲ್ಲಿ ಆಟವನ್ನೂ ದುಡಿಯುವವರ ಹಕ್ಕಿನ ಹತ್ತಿರಕ್ಕೆ ತಂದ ಆ ಕಲಮಿನ ಬಗ್ಗೆ ನನಗೆ ಗೌರವವಿದೆ. ಗುಡ್ಡಗಾಡಿನಲ್ಲಿ ಸಮತಟ್ಟಾದ ನೆಲ ಸಿಗುವುದೇ ಕಷ್ಟ. ಸಿಕ್ಕ ನೆಲ ಮಕ್ಕಳಿಗೆ ಫುಟ್‌ಬಾಲ್ ಅಂಗಳ. ಉತ್ತರ ಕೇರಳದ ಪ್ರಾಣವಾದ, ಏಳೇಳು ಜನರ ಸೆವೆನ್ಸ್ ಆಟ ಚಿಕ್ಕ ಅಂಗಳಕ್ಕೇ ಹೇಳಿಮಾಡಿಸಿದ್ದು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ದೂರದಿಂದ ಬಾಗಿಸಿ ಗೋಲು ಹೊಡೆದ ಸುಶಾಂತ್ ಮ್ಯಾಥ್ಯೂ ವಯನಾಡಿನವರು. ಕಲ್ಪೆಟ್ಟದ ಜಿಲ್ಲಾ ಕ್ರೀಡಾಂಗಣಕ್ಕೆ ಎಂ.ಕೆ. ಜಿನಚಂದ್ರನ್ ಅವರ ಹೆಸರಿಟ್ಟಿದ್ದಾರೆ. ವಯನಾಡಿನ ಜೈನ ಗೌಡರ ಮನೆತನದವರು, ತೋಟಗಾರರು, 1957ರಲ್ಲಿ ತಲಶ್ಶೇರಿ ಕ್ಷೇತ್ರದಿಂದ ಲೋಕಸಭೆಗೆ ಹೋದವರು. ಕನ್ನಡ ನಾಡಿನಿಂದ ಶತಮಾನಗಳ ಹಿಂದೆ ಹೋಗಿ ನೆಲೆಸಿದ ಸಮುದಾಯದ ಹೆಸರೊಂದು ಅಲ್ಲಿನ ಆಟದ ಅಂಗಳದ ಮೇಲಿದೆ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಕುಸಿದಾಗ ಈ ತೋಟದ ಪಾಡಿಗಳೂ ಮಣ್ಣಿನಡಿ ಹೋದವು. ಅಲ್ಲಿಯ ಆಟದ ಇತಿಹಾಸವನ್ನು ಯಾರಾದರೂ ಬರೆಯುವುದಿದ್ದರೆ ಅದು ಈಗಲೇ ಆಗಬೇಕು. ಹೇಳಬೇಕಾದವರು ಚದುರಿಹೋಗಿದ್ದಾರೆ.

ದೂರವಾಣಿನಗರಕ್ಕೆ ಬರೋಣ. ಕಪ್ ಗೆದ್ದ ಮೂರೂವರೆ ವರ್ಷಕ್ಕೆ, 1980ರ ಡಿಸೆಂಬರ್ ಕೊನೆಯಲ್ಲಿ, ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಮಿಕರು ವೇತನ ಸಮಾನತೆಗಾಗಿ ಮುಷ್ಕರ ಹೂಡಿದರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಐಟಿಐಗಳ ಸುಮಾರು 1.25 ಲಕ್ಷ ಮಂದಿ 77 ದಿನ ಕೆಲಸ ನಿಲ್ಲಿಸಿದರು. ಬೇಡಿಕೆ ಈಡೇರದೆಯೇ 1981ರ ಮಾರ್ಚಿನಲ್ಲಿ ಒಳಗೆ ಹೋದರು. ಆ ಸೋಲಿನ ನಂತರ ಬೆಂಗಳೂರಿನ ಕಾರ್ಮಿಕ ಚಳವಳಿ ಮತ್ತೆ ಅಷ್ಟು ಎತ್ತರಕ್ಕೆ ಏಳಲಿಲ್ಲ. ಇದು ಫುಟ್‌ಬಾಲಿನ ಸುದ್ದಿಯಲ್ಲ ಎನ್ನಬಹುದು. ಆದರೆ ಮೈದಾನವನ್ನು, ಕ್ಲಬ್ಬನ್ನು, ಸ್ಪೋರ್ಟ್ಸ್ ಕೋಟಾವನ್ನು ಉಳಿಸಿದ್ದದ್ದು ಕಾರ್ಮಿಕರ ಒಟ್ಟು ಬಲವೇ. ಅದು ಕುಗ್ಗಿದಾಗ ಕಾರ್ಖಾನೆಯೊಳಗೆ ಆಟದ ಪರವಾಗಿ ಗಟ್ಟಿಯಾಗಿ ಮಾತಾಡುವವರೂ ಕುಗ್ಗಿದರು.

ಅದರ ಹಿಂದೆಯೇ ಟೆಲಿಫೋನೇ ಬದಲಾಯಿತು. ಸ್ಟ್ರೌಜರ್ ಹೋಗಿ ಕ್ರಾಸ್‌ಬಾರ್ ಪದ್ಧತಿ ಬಂದಿತ್ತು, ಈಗ ಅದೂ ಹೋಗಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಸ್ಪ್ರಿಂಗು, ರಿಲೇಗಳನ್ನು ಕೈಯಲ್ಲಿ ಹೊಂದಿಸುವ ಸಾವಿರಾರು ಮಂದಿಯ ಜಾಗಕ್ಕೆ ಚಿಪ್ಪು ಕೂರಿಸಿದ ಬೋರ್ಡುಗಳು ಬಂದವು. 1991ರ ಆಚೆಗೆ ಖಾಸಗಿ ಕಂಪನಿಗಳಿಗೂ ದಾರಿ ತೆರೆಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಹತ್ತು ವರ್ಷ ಕಳೆಯುವುದರೊಳಗೆ ಕರಿಯ ಬಿಲ್ಲೆ ಫೋನು ಮ್ಯೂಸಿಯಮ್ಮಿನ ವಸ್ತು. ಐಟಿಐ ನಷ್ಟಕ್ಕೆ ಬಿತ್ತು. ಸ್ವಯಂನಿವೃತ್ತಿ ಯೋಜನೆಗಳು ಬಂದವು. ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು.

ಒಂದು ಫುಟ್‌ಬಾಲ್ ತಂಡವನ್ನು ಕೊಲ್ಲಲು ಅದನ್ನು ಮುಚ್ಚುತ್ತೇವೆ ಎಂದು ಯಾರೂ ಘೋಷಿಸಬೇಕಾಗಿಲ್ಲ. ನೇಮಕಾತಿ ನಿಲ್ಲಿಸಿದರೆ ಸಾಕು. ಇದ್ದವರಿಗೆ ವಯಸ್ಸಾಗುತ್ತದೆ, ಅವರ ಜಾಗಕ್ಕೆ ಬರುವವರಿಲ್ಲ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಐಟಿಐ, ಎಚ್‌ಎಎಲ್ ಎರಡೂ ಅದರಲ್ಲಿ ಆಡಿದವು. ಆದರೆ ಎದುರಿಗೆ ಬ್ರೆಜಿಲ್, ನೈಜೀರಿಯಾಗಳಿಂದ ಆಟಗಾರರನ್ನು ಕರೆಸುತ್ತಿದ್ದ ಗೋವಾ, ಕಲ್ಕತ್ತೆಯ ಕ್ಲಬ್ಬುಗಳಿದ್ದವು. ಕಾರ್ಖಾನೆಯ ಸಂಬಳದ ಪಟ್ಟಿಯಲ್ಲಿ ವಿದೇಶಿ ಫಾರ್ವರ್ಡ್‌ಗೆ ಯಾವ ಗ್ರೇಡು ಕೊಡುವುದು?

ಎಚ್‌ಎಎಲ್‌ನ ಕೊನೆಯ ದೊಡ್ಡ ಆಟ ನನಗೆ ಇಡೀ ಕಥೆಯಲ್ಲೇ ಹೆಚ್ಚು ಹೆಮ್ಮೆ ಹುಟ್ಟಿಸುವ ಭಾಗ. 2010ರಲ್ಲಿ ಆರ್. ತ್ಯಾಗರಾಜನ್ ಅವರ ತರಬೇತಿಯಲ್ಲಿ ಅದು ಎರಡನೇ ಡಿವಿಷನ್‌ನಿಂದ, ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ–ಲೀಗ್‌ಗೆ ಏರಿತು. ಅದೇ ವರ್ಷ ಮುಂಬಯಿಯ ಮಹೀಂದ್ರಾ ಯುನೈಟೆಡ್ ತನ್ನ ತಂಡವನ್ನು ಮುಚ್ಚಿತು. ಮರುವರ್ಷ ಪಂಜಾಬಿನ ಫಗ್ವಾಡದ ಜೆಸಿಟಿ ಮಿಲ್ಲು, ರಾಷ್ಟ್ರೀಯ ಲೀಗಿನ ಮೊದಲ ಚಾಂಪಿಯನ್ನು, ತಾನೂ ಕೈತೊಳೆದುಕೊಂಡಿತು. ದೊಡ್ಡ ಕಂಪನಿಗಳ ತಂಡಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಆ ಹೊತ್ತಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಒಬ್ಬನೇ ಒಬ್ಬ ವಿದೇಶಿ ಆಟಗಾರನಿಲ್ಲದೆ ದೇಶದ ಉನ್ನತ ಲೀಗಿನಲ್ಲಿ ಆಡಿತು. ಮೊದಲ ವರ್ಷ ಉಳಿದುಕೊಂಡಿತು, 2012ರಲ್ಲಿ ಕೆಳಗಿಳಿಯಿತು. ಸೋಲುಗಳು ದೊಡ್ಡವೇ ಇದ್ದವು. ಆದರೂ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಆ ಹುಡುಗರು ಒಂದು ಇಡೀ ಪದ್ಧತಿಯ ಕೊನೆಯ ಪ್ರತಿನಿಧಿಗಳು. ಮರುವರ್ಷ, 2013ರಲ್ಲಿ, ಜಿಂದಾಲ್ ಸಮೂಹದ ಬೆಂಗಳೂರು ಎಫ್‌ಸಿ ಹುಟ್ಟಿತು. ಐ–ಲೀಗ್‌ಗೆ ಅದಕ್ಕೆ ನೇರ ಪ್ರವೇಶ ಸಿಕ್ಕಿತು, ಅದೇ ಅಶೋಕನಗರದ ಮೈದಾನದಲ್ಲಿ ಆಡಿ ಮೊದಲ ವರ್ಷವೇ ಚಾಂಪಿಯನ್ ಆಯಿತು. ಅದರ ಆಟ ಚೆಂದ, ಅಭಿಮಾನಿಗಳ ಕೂಗು ಚೆಂದ. ಅದರ ವಿರುದ್ಧ ನನ್ನದೇನೂ ತಕರಾರಿಲ್ಲ. ಅದು ಬೇರೆ ಕಾಲದ, ಬೇರೆ ಬಗೆಯ ಕ್ಲಬ್ಬು.

ಕಾರ್ಖಾನೆಯ ಕಾಲ ಚಿನ್ನದ ಕಾಲ ಎಂದು ಹಾಡಿಹೊಗಳುವುದೂ ಸರಿಯಲ್ಲ. ಅದರಲ್ಲಿ ಎರಡು ದೊಡ್ಡ ಕೊರತೆಗಳಿದ್ದವು. ಜೋಡಣೆಯ ಬೆಂಚಿನಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದ ಕಾರ್ಖಾನೆಗಳಲ್ಲಿ ಫುಟ್‌ಬಾಲಿನ ಹೆಸರಿನಲ್ಲಿ ಸಿಗುತ್ತಿದ್ದ ನೌಕರಿ, ಮೈದಾನ, ಮರ್ಯಾದೆ ಎಲ್ಲವೂ ಗಂಡಸರಿಗೇ ಹೋದವು. ಇನ್ನೊಂದು, ಬೀದಿಯ ಕ್ಲಬ್ಬುಗಳು ಸಾಕಿ ಬೆಳೆಸಿದ ಹುಡುಗರನ್ನು ಕಾರ್ಖಾನೆಗಳು ಹದಕ್ಕೆ ಬಂದಾಗ ಕರೆದೊಯ್ದವು. ಹುಡುಗನಿಗೆ ಒಳ್ಳೆಯದೇ ಆಯಿತು, ನೌಕರಿ ಸಿಕ್ಕಿತು. ಅವನಿಗೆ ಚೆಂಡು ಒದೆಯುವುದನ್ನು ಕಲಿಸಿದ, ಬೂಟಿಗೆ ಚಂದಾ ಎತ್ತಿದ ಬಡಾವಣೆಯ ಕ್ಲಬ್ಬಿಗೆ ಮರಳಿ ಏನೂ ಬರಲಿಲ್ಲ. ಮೂವತ್ತು ವರ್ಷಗಳಲ್ಲಿ ಆ ಸಣ್ಣ ಕ್ಲಬ್ಬುಗಳು ಸೊರಗಿದವು. ಆಮೇಲೆ ಕಾರ್ಖಾನೆಗಳೂ ಕೈಬಿಟ್ಟಾಗ ಆಟಕ್ಕೆ ಮರಳಿ ಹೋಗಲು ಬೀದಿಯಲ್ಲಿ ಮನೆ ಉಳಿದಿರಲಿಲ್ಲ. 1969ರ ನಂತರ ಸಂತೋಷ್ ಟ್ರೋಫಿ ಐವತ್ನಾಲ್ಕು ವರ್ಷ ಕರ್ನಾಟಕಕ್ಕೆ ಬರಲಿಲ್ಲ ಎಂಬುದಕ್ಕೆ ಹಲವು ಕಾರಣಗಳಿರಬಹುದು. ಇದು ಅದರಲ್ಲಿ ಮುಖ್ಯವಾದದ್ದೆಂದು ನಾನು ನಂಬಿದ್ದೇನೆ.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ಗೆದ್ದಿತು. ಅದೇ ವರ್ಷ, 1938ರಲ್ಲಿ ಶುರುವಾಗಿ ಮೂವತ್ತು ವರ್ಷದಿಂದ ನಿಂತಿದ್ದ ಬೆಂಗಳೂರಿನ ಸ್ಟಾಫರ್ಡ್ ಚಾಲೆಂಜ್ ಕಪ್ಪನ್ನೂ ರಾಜ್ಯ ಫುಟ್‌ಬಾಲ್ ಸಂಸ್ಥೆ ಪುನಃ ನಡೆಸಿತು. ಹೊಸ ಅಕಾಡೆಮಿಗಳು, ಖಾಸಗಿ ಕ್ಲಬ್ಬುಗಳು ಹುಡುಗರನ್ನು ತಯಾರು ಮಾಡುತ್ತಿವೆ. ಆದರೆ ಅಕಾಡೆಮಿಗೆ ಫೀಸು ಕಟ್ಟಬೇಕು, ಕರಾರು ಒಂದೆರಡು ವರ್ಷದ್ದು, ಗಾಯವಾದರೆ ಮುಂದಿನ ದಾರಿ ಅವರವರದೇ. ರಾಜ್ಯಕ್ಕೆ ಟ್ರೋಫಿ ತಂದುಕೊಟ್ಟ ಹುಡುಗನಿಗೆ ಇಪ್ಪತ್ತೆಂಟಕ್ಕೆ ಮೊಣಕಾಲು ಹೋದರೆ ಐವತ್ತೆಂಟರವರೆಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ದೂರವಾಣಿನಗರದಲ್ಲಿ ಒಂದು ಉತ್ತರ ಇತ್ತು. ಈಗಿನವರಿಗೆ ಅದಕ್ಕೆ ಸಮನಾದ ಉತ್ತರವನ್ನು ಸರ್ಕಾರವೂ ಕೊಟ್ಟಿಲ್ಲ, ನಮ್ಮ ಹೊಸ ತಂತ್ರಜ್ಞಾನದ ಕಂಪನಿಗಳೂ ಕೊಟ್ಟಿಲ್ಲ.

ಎರ್ನಾಕುಲಂನಲ್ಲಿ ಗೆದ್ದ ತಂಡದವರಿಗೆ ಈಗ ಎಪ್ಪತ್ತರ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ವಯಸ್ಸು. ಅವರ ಮನೆಗಳಲ್ಲಿ ಗುಂಪು ಫೋಟೋಗಳಿರುತ್ತವೆ, ಪತ್ರಿಕೆಯ ತುಣುಕುಗಳಿರುತ್ತವೆ. ಕಾರ್ಖಾನೆಯ ಸಿಬ್ಬಂದಿ ವಿಭಾಗದ ಕಡತಗಳಲ್ಲಿ ಯಾರು ಯಾವ ವರ್ಷ ಯಾವ ಶಾಪಿಗೆ ಸೇರಿದರು ಎಂಬ ದಾಖಲೆ ಇರಬೇಕು. ಕಾರ್ಮಿಕ ಸಂಘದ ಕರಪತ್ರಗಳಲ್ಲಿ, ಕ್ಲಬ್ಬಿನ ಲೆಕ್ಕಪುಸ್ತಕಗಳಲ್ಲಿ ಬೂಟಿಗೆಷ್ಟು, ರೈಲಿಗೆಷ್ಟು ಎಂಬುದೂ ಸಿಗಬಹುದು. ಕ್ರಿಕೆಟ್ಟಿನ ಒಂದೊಂದು ರನ್ನಿಗೂ ಪುಸ್ತಕ ಬಂದಿರುವ ಊರು ನಮ್ಮದು. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಒಬ್ಬ ವಿದ್ಯಾರ್ಥಿ, ಒಂದು ಧ್ವನಿಮುದ್ರಕ, ಒಂದು ವರ್ಷದ ಸಂಬಳ, ಇಷ್ಟು ಸಿಕ್ಕರೆ ಐಟಿಐ ತಂಡದ ಕಥೆಯನ್ನು ಅದನ್ನು ಆಡಿದವರ ಬಾಯಿಂದಲೇ ಬರೆದಿಡಬಹುದು. ಆ ಕೆಲಸ ಈ ವರ್ಷವೇ ಶುರುವಾಗಲಿ.